22 ವೋಟಲ್ಲಿ ಸರ್ಕಾರ ನಿಂತ ಜಾಗ: ಸರ್ರೆ-ಗಿಲ್ಡ್‌ಫೋರ್ಡ್ ಸುತ್ತಾಟ

ಹಾಂ, ಇದು 104 ಅವೆನ್ಯೂ, 152 ಸ್ಟ್ರೀಟ್ ಸಿಗ್ನಲ್, ಹಿಂದೆ ಕಾಣ್ತಿರೋದು ಗಿಲ್ಡ್‌ಫೋರ್ಡ್ ಟೌನ್ ಸೆಂಟರ್ ಮಾಲ್. ಮಳೆ ಜಿನುಗ್ತಾ ಇದೆ, ಲೆನ್ಸ್ ಒರೆಸ್ಕೊಂಡೇ ಶೂಟ್ ಮಾಡ್ತಿದೀನಿ. 2024ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ (ಇಲ್ಲಿ ಎಲ್ರೂ ಬಿಸಿ ಅಂತಾರೆ) ಎನ್‌ಡಿಪಿ ಪಕ್ಷಕ್ಕೆ ಬಹುಮತ ಸಿಗುತ್ತೋ ಇಲ್ವೋ ಅಂತ ತೀರ್ಮಾನ ಆಗಿದ್ದು ಇದೇ ರೈಡಿಂಗ್‌ನಲ್ಲಿ, ಅಂದ್ರೆ ವಿಧಾನಸಭಾ ಕ್ಷೇತ್ರದಲ್ಲಿ, ಸರ್ರೆ ನಗರದ ಸರ್ರೆ-ಗಿಲ್ಡ್‌ಫೋರ್ಡ್.

ತಡೀರಿ, ಪಾರ್ಕಿಂಗ್ ವಿಷ್ಯ ಹೇಳ್ಬಿಡ್ತೀನಿ, ಹೊಟ್ಟೆ ಉರೀತಿದೆ. ಇಲ್ಲೇ ಒಂದು ಸಣ್ಣ ಪ್ಲಾಜಾ, ಅರ್ಧ ಖಾಲಿ ಬಿದ್ದಿದೆ, ಮೆಷಿನ್‌ಗೆ ಕಾರ್ಡ್ ಹಾಕಿದ್ರೆ ತಗೊಳಲ್ಲ, ಆ್ಯಪ್ ಹಾಕ್ಕೊಳಿ ಅಂತ ಸ್ಟಿಕ್ಕರ್ ಅಂಟಿಸಿದಾರೆ, ಆ್ಯಪ್ ಹಾಕ್ಕೊಂಡ್ರೆ ಫೋನ್ ನಂಬರ್ ಕೊಡು, ಇಮೇಲ್ ಕೊಡು, ಓಟಿಪಿ ಹಾಕು, ಗಾಡಿ ನಂಬರ್ ಹಾಕು, ಎಲ್ಲಾ ಆದ್ಮೇಲೆ ಕನಿಷ್ಠ ಎರಡು ಗಂಟೆದು ದುಡ್ಡು ಕಟ್ಬೇಕಂತೆ, ಅದ್ರ ಮೇಲೆ ಸರ್ವಿಸ್ ಫೀ ಬೇರೆ. ನಂಗೆ ಬೇಕಿದ್ದಿದ್ದು ಹತ್ತು ನಿಮಿಷ! ಇದು ಹಗಲು ದರೋಡೆ ಅಷ್ಟೇ.

ದುಡ್ಡಿನ ಮಾತು ಬಂತಲ್ಲ, ಈಗ ಕಾಣ್ತಿರೋದು ಪೋರ್ಟ್ ಮ್ಯಾನ್ ಬ್ರಿಡ್ಜ್, ಕೆಳಗೆ ಫ್ರೇಸರ್ ನದಿ, ಈ ರೈಡಿಂಗ್‌ನ ಉತ್ತರದ ಗಡಿ. ಈ ಬ್ರಿಡ್ಜ್ ದಾಟೋಕೆ ಕಾರಿಗೆ 3 ಡಾಲರ್ 15 ಸೆಂಟ್ ಟೋಲ್ ಇತ್ತು, ಹೋಗ್ತಾ ಬರ್ತಾ ಎರಡೂ ಸಲ. 2017ರ ಎಲೆಕ್ಷನ್‌ನಲ್ಲಿ ಆಗ ಅಧಿಕಾರದಲ್ಲಿದ್ದ ಬಿಸಿ ಲಿಬರಲ್ ಪಕ್ಷದವರು ವರ್ಷಕ್ಕೆ 500 ಡಾಲರ್ ಮಿತಿ ಹಾಕ್ತೀವಿ ಅಂದ್ರು, ಎನ್‌ಡಿಪಿಯವರು ಟೋಲೇ ತೆಗೀತೀವಿ ಅಂದ್ರು. ದಿನಾ ಕೆಲ್ಸಕ್ಕೆ ದಾಟೋರು ಯಾರಿಗೆ ಹಾಕ್ತಾರೆ ನೀವೇ ಹೇಳಿ. ಎನ್‌ಡಿಪಿಯ ಗ್ಯಾರಿ ಬೆಗ್ ಗೆದ್ರು, ಸಚಿವರಾಗಿದ್ದ ಅಮ್ರಿಕ್ ವಿರ್ಕ್ ಸೋತ್ರು, ಇಬ್ಬರೂ ಹಿಂದೆ ಪೊಲೀಸ್‌ನಲ್ಲಿದ್ದೋರು. ಅದೇ ವರ್ಷ ಸೆಪ್ಟೆಂಬರ್ 1ಕ್ಕೆ ಟೋಲ್ ಹೋಯ್ತು.

ಈ ಹೆಸರಿನ ಕ್ಷೇತ್ರ ಬಂದಿದ್ದೂ ಆ ಎಲೆಕ್ಷನ್‌ಗೇನೇ. ಅದಕ್ಕೂ ಮುಂಚೆ ಇಲ್ಲಿ ಬಹಳಷ್ಟು ಭಾಗ ಸರ್ರೆ-ಟೈನ್‌ಹೆಡ್‌ನಲ್ಲಿತ್ತು, 2001ರಿಂದ 2013ರವರೆಗೆ ಡೇವ್ ಹೇಯರ್, ಆಮೇಲೆ ಇದೇ ವಿರ್ಕ್, ಇಬ್ಬರೂ ಬಿಸಿ ಲಿಬರಲ್. ಹೀಗೆ ಕ್ಷೇತ್ರದ ಗಡಿ ಗೆರೆ ಅಳಿಸಿ ಅಳಿಸಿ ಎಳೆಯೋದು ಶುದ್ಧ ತಲೆನೋವು, ನಮ್ಮ ಎಂಎಲ್‌ಎ ಯಾರು ಅಂತ್ಲೇ ಗೊತ್ತಾಗಲ್ಲ. ಆದ್ರೆ ಈ ಕಡೆ ಎದ್ದಿರೋ ಅಪಾರ್ಟ್‌ಮೆಂಟ್ ನೋಡಿ, ಇಷ್ಟು ಜನ ಬಂದ್ಮೇಲೆ ಎಳೀದೆ ಇನ್ನೇನ್ ಮಾಡ್ತಾರೆ, ಎಳೀಲಿ ಬಿಡಿ. ಜಸ್ಟಿಸ್ ನಿತ್ಯಾ ಅಯ್ಯರ್ ಅವರ ಗಡಿ ಕಮಿಷನ್ 2023ರಲ್ಲಿ ರಿಪೋರ್ಟ್ ಕೊಟ್ಟು ಪ್ರಾಂತ್ಯದ ಒಟ್ಟು ಸೀಟು 87ರಿಂದ 93 ಆಯ್ತು, ಸರ್ರೆಗೂ ಒಂದು ಜಾಸ್ತಿ ಸಿಕ್ತು. ನಮ್ಮ ಕರ್ನಾಟಕದಲ್ಲಿ ಬೆಂಗಳೂರು ಅಷ್ಟು ಬೆಳೆದ್ರೂ ಒಟ್ಟು 224 ಅಲ್ಲೇ ಕೂತಿದೆ.

ಈಗ 2024. ಆಗಸ್ಟ್‌ನಲ್ಲಿ ಬಿಸಿ ಯುನೈಟೆಡ್, ಅಂದ್ರೆ ಹೆಸರು ಬದಲಾಯಿಸ್ಕೊಂಡಿದ್ದ ಅದೇ ಬಿಸಿ ಲಿಬರಲ್, ಪ್ರಚಾರನೇ ನಿಲ್ಲಿಸ್ತು, ಎನ್‌ಡಿಪಿ ಬೇಡ ಅನ್ನೋ ವೋಟೆಲ್ಲ ಕನ್ಸರ್ವೇಟಿವ್ ಪಕ್ಷದ ಕಡೆ ಹೊರಳ್ತು. ಅಕ್ಟೋಬರ್ 19ಕ್ಕೆ ಎಲೆಕ್ಷನ್, ಅವತ್ತು ಧೋ ಅಂತ ಮಳೆ. ರಾತ್ರಿ ಕನ್ಸರ್ವೇಟಿವ್‌ನ ಹೊನ್ವೀರ್ ಸಿಂಗ್ ರಂಧಾವಾ ಮುಂದಿದ್ರು. ಅಂಚೆ ವೋಟು, ಬೇರೆ ಕಡೆ ಹಾಕಿದ ವೋಟು ಎಲ್ಲಾ ಎಣಿಸಿ 28ನೇ ತಾರೀಕು ನೋಡಿದ್ರೆ ಬೆಗ್ 27 ವೋಟು ಮುಂದೆ! ಆಮೇಲೆ ಲೆಕ್ಕಕ್ಕೆ ಬಿಟ್ಟುಹೋದ ವೋಟು ಸೇರಿಸಿ 21 ಆಯ್ತು, ಕೋರ್ಟಿನ ಮರುಎಣಿಕೆಯಲ್ಲಿ 22. ಎನ್‌ಡಿಪಿಗೆ ಒಟ್ಟು 47 ಸೀಟು, ಬಹುಮತಕ್ಕೆ ಬೇಕಿದ್ದಿದ್ದೂ 47. ಇಲ್ಲಿ ಒಂದು ಡಜನ್ ಜನ ಮನಸ್ಸು ಬದಲಾಯಿಸಿದ್ರೆ ಎನ್‌ಡಿಪಿ ನಾಯಕ ಡೇವಿಡ್ ಇಬಿಗೆ ಸ್ವಂತ ಬಹುಮತನೇ ಇರ್ತಿರ್ಲಿಲ್ಲ. 2023ರಲ್ಲಿ ಜಯನಗರದಲ್ಲಿ 16 ವೋಟಲ್ಲಿ ಸೌಮ್ಯಾ ರೆಡ್ಡಿ ಸೋತಾಗ ಊರಿನ ಫ್ಯಾಮಿಲಿ ಗ್ರೂಪಲ್ಲಿ ವಾರಗಟ್ಲೆ ಅದೇ ಮಾತು, ಇಲ್ಲಿ ನಮ್ಮವರು ಯಾರೂ ತುಟಿಪಿಟಕ್ ಅನ್ಲಿಲ್ಲ, ನಂಗದು ನಿಜವಾಗ್ಲೂ ಬೇಜಾರು.

ಬಸ್ ಬಂತು, ಬೇಗ ಹೇಳ್ಬಿಡ್ತೀನಿ: ಬರೀ ಪಿಆರ್, ಅಂದ್ರೆ ಕಾಯಂ ವಾಸದ ಪರವಾನಗಿ, ಇರೋರಿಗೆ ವೋಟಿಲ್ಲ, ಸಿಟಿಜನ್ ಆಗಿ, 18 ತುಂಬಿ, ಪ್ರಾಂತ್ಯದಲ್ಲಿ ಆರು ತಿಂಗಳು ಇದ್ರೆ ಇದೆ. ಮನೆ ಶಿಫ್ಟ್ ಮಾಡಿದೋರು ಚುನಾವಣೆ ನಡೆಸೋ ಎಲೆಕ್ಷನ್ಸ್ ಬಿಸಿಯಲ್ಲಿ ಅಡ್ರೆಸ್ ಬದಲಾಯಿಸ್ಕೊಳಿ, ರಸ್ತೆ ದಾಟಿದ್ರೇ ರೈಡಿಂಗ್ ಬೇರೆ ಆಗಿರುತ್ತೆ, ಸರಿ, ಹತ್ತಿದೆ, ಬರ್ತೀನಿ.