ಮೂರನೇ ಒಂದರಿಂದ ಇನ್ನೊಂದು ರಾಷ್ಟ್ರಕ್ಕೆ: ಜಿನ್ನಾ ಲೆಕ್ಕ ಬದಲಾದ ಬಗೆ

ಸ್ನೇಹಿತರೆ,

ಮಹಮದ್ ಅಲಿ ಜಿನ್ನಾ ಬಗ್ಗೆ ನಮ್ಮಲ್ಲಿ ಎರಡು ಸಿದ್ಧ ಮಾತುಗಳು ಓಡಾಡುತ್ತವೆ. ಒಂದು, ಆತ ಹುಟ್ಟಾ ಕೋಮುವಾದಿ. ಇನ್ನೊಂದು, ಕಾಂಗ್ರೆಸ್ಸಿನವರ ಮೇಲಿನ ಮುನಿಸಿಗೆ ದೇಶವನ್ನೇ ಒಡೆದರು. ಎರಡೂ ಹೇಳಲು ಸುಲಭ, ದಾಖಲೆಗೆ ಹೊಂದಿಸುವುದು ಕಷ್ಟ. 1916ರಿಂದ 1940ರವರೆಗೆ ಅವರು ಮುಂದಿಟ್ಟ ಬೇಡಿಕೆಗಳನ್ನು ಸಾಲಾಗಿ ಜೋಡಿಸಿದರೆ ಕಣ್ಣಿಗೆ ಬೀಳುವುದು ಶಾಸನ ಸಭೆಗಳ ಸ್ಥಾನಗಳ ಲೆಕ್ಕ. ಇವತ್ತಿನ ಮಾತು ಆ ಲೆಕ್ಕದ ಮೇಲೆ.

1906ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ಅವರು ದಾದಾಭಾಯಿ ನವರೋಜಿಯವರ ಕಾರ್ಯದರ್ಶಿ. ಮುಸ್ಲಿಂ ಲೀಗ್ ಸೇರಿದ್ದು 1913ರಲ್ಲಿ. ಮುಸ್ಲಿಂ ಸ್ಥಾನಕ್ಕೆ ಮುಸ್ಲಿಮರಷ್ಟೇ ಮತ ಹಾಕುವ ಏರ್ಪಾಡು, ಅಂದರೆ ಪ್ರತ್ಯೇಕ ಮತಕ್ಷೇತ್ರ, 1909ರಲ್ಲಿ ಬಂತು. ಅದನ್ನು ಸ್ಥಳೀಯ ಸಂಸ್ಥೆಗಳಿಗೂ ತರಬಾರದೆಂದು 1910ರ ಅಲಹಾಬಾದ್ ಕಾಂಗ್ರೆಸ್ಸಿನಲ್ಲಿ ನಿರ್ಣಯ ಮಂಡಿಸಿದವರು ಜಿನ್ನಾ. ಆದರೆ ಅದೇ ವರ್ಷ ವೈಸರಾಯರ ಶಾಸನ ಪರಿಷತ್ತಿಗೆ ಅವರು ಬಂದದ್ದು ಮುಂಬಯಿಯ ಮುಸ್ಲಿಂ ಸ್ಥಾನದಿಂದ! ಬೇಡವೆಂದ ಏಣಿಯನ್ನೇ ಹತ್ತಿದ್ದರು. ಈ ಏಣಿ ಕೊನೆಯವರೆಗೂ ಅವರ ಬೆನ್ನು ಬಿಡಲಿಲ್ಲ.

ಕಾಂಗ್ರೆಸ್ಸೂ ಲೀಗೂ ಮಾಡಿಕೊಂಡ 1916ರ ಲಖನೌ ಒಪ್ಪಂದವನ್ನು ಐಕ್ಯದ ಶಿಖರ ಎನ್ನುತ್ತೇವೆ. ತಿಲಕರೂ ಜಿನ್ನಾರೂ ಕೂಡಿ ಕಟ್ಟಿದ್ದು, ನಿಜ. ಅಂಕಿಗಳನ್ನು ನೋಡಿ: ಕೇಂದ್ರದ ಚುನಾಯಿತ ಭಾರತೀಯ ಸ್ಥಾನಗಳಲ್ಲಿ ಮುಸ್ಲಿಮರಿಗೆ ಮೂರನೇ ಒಂದು. ಸಂಯುಕ್ತ ಪ್ರಾಂತದಲ್ಲಿ (ಇಂದಿನ ಉತ್ತರ ಪ್ರದೇಶದ ಕಡೆ) ಅವರ ಜನಸಂಖ್ಯೆ ಶೇ. 14ರ ಆಸುಪಾಸು, ಸಿಕ್ಕಿದ್ದು ಶೇ. 30. ಮದ್ರಾಸಿನಲ್ಲಿ ಶೇ. 15. ಮುಂಬಯಿ ಪ್ರಾಂತದಲ್ಲಿ ಮೂರನೇ ಒಂದು. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರಗಳೂ ಆಗ ಆ ಲೆಕ್ಕದೊಳಗೇ ಇದ್ದವು. ಇದಕ್ಕೆ ಬೆಲೆ ತೆತ್ತವರು ಯಾರು? ಪಂಜಾಬು ಮತ್ತು ಬಂಗಾಳ. ಎರಡೂ ಕಡೆ ಮುಸ್ಲಿಮರು ಅರ್ಧಕ್ಕಿಂತ ಹೆಚ್ಚು, ಆದರೆ ಪಂಜಾಬಿಗೆ ಶೇ. 50, ಬಂಗಾಳಕ್ಕೆ ಶೇ. 40. ಇದ್ದ ಬಹುಮತವನ್ನು ಕೊಟ್ಟು, ಅಲ್ಪಸಂಖ್ಯಾತರಾಗಿದ್ದ ಕಡೆ ಹೆಚ್ಚಿನ ಸ್ಥಾನ ಕೊಂಡ ವ್ಯಾಪಾರ ಅದು. ಜೊತೆಗೆ ಪ್ರತ್ಯೇಕ ಮತಕ್ಷೇತ್ರಕ್ಕೆ ಕಾಂಗ್ರೆಸ್ಸಿನ ಮೊಹರೂ ಬಿತ್ತು. ಐಕ್ಯದ ಪತ್ರದಲ್ಲೇ ಬಿರುಕಿನ ಗೆರೆ ಇತ್ತೆಂಬುದು ನನ್ನ ಅಭಿಪ್ರಾಯ.

1920ರ ನಾಗಪುರದಲ್ಲಿ ಅಸಹಕಾರ ಚಳವಳಿಯನ್ನು ವಿರೋಧಿಸಿ ಅವರು ಕಾಂಗ್ರೆಸ್ ಬಿಟ್ಟರು. ಇದನ್ನೇ ತಿರುವು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅಲ್ಲಿ ಜಗಳ ಇದ್ದದ್ದು ವಿಧಾನದ ಬಗ್ಗೆ. ತುರ್ಕಿಯ ಖಲೀಫರ ಪರವಾದ ಖಿಲಾಫತ್ ಚಳವಳಿಯ ಹೆಸರಲ್ಲಿ ಧರ್ಮವನ್ನು ರಾಜಕೀಯಕ್ಕೆ ತರುವುದು ಆಗ ಈ ಬ್ಯಾರಿಸ್ಟರಿಗೆ ಹಿಡಿಸಿರಲಿಲ್ಲ.

ನಿಜವಾದ ತಿರುವು ಸಿಗುವುದು 1927–28ರಲ್ಲಿ. 1927ರ ಮಾರ್ಚಿನಲ್ಲಿ ದೆಹಲಿಯಲ್ಲಿ ಜಿನ್ನಾ ಮುಂದಾಳುತನದಲ್ಲಿ ಮುಸ್ಲಿಂ ನಾಯಕರು ಒಂದು ಕೊಡುಗೆ ಮುಂದಿಟ್ಟರು: ಪ್ರತ್ಯೇಕ ಮತಕ್ಷೇತ್ರ ಬಿಡುತ್ತೇವೆ. ಬದಲಿಗೆ ಸಿಂಧ್ ಮುಂಬಯಿಯಿಂದ ಬೇರೆಯಾಗಲಿ, ವಾಯವ್ಯ ಗಡಿನಾಡಿಗೂ ಬಲೂಚಿಸ್ತಾನಕ್ಕೂ ಉಳಿದ ಪ್ರಾಂತಗಳಂತೆ ಸುಧಾರಣೆ ಸಿಗಲಿ, ಪಂಜಾಬು–ಬಂಗಾಳದಲ್ಲಿ ಜನಸಂಖ್ಯೆಯಷ್ಟು ಸ್ಥಾನ, ಕೇಂದ್ರದಲ್ಲಿ ಮೂರನೇ ಒಂದು. ಪಂಜಾಬಿನ ಮಹಮದ್ ಶಫಿ ಬಣ ಇದನ್ನು ಒಪ್ಪದೆ ಲೀಗೇ ಎರಡಾಯಿತು. ತನ್ನವರನ್ನು ಎದುರು ಹಾಕಿಕೊಂಡು ಜಿನ್ನಾ ಕೈ ಚಾಚಿದ್ದರು. ಮೋತಿಲಾಲ್ ನೆಹರೂ ಸಮಿತಿ ಸಂವಿಧಾನಕ್ಕೆಂದು ಬರೆದ 1928ರ ನೆಹರೂ ವರದಿ ಕೇಂದ್ರದಲ್ಲಿ ಮೂರನೇ ಒಂದನ್ನೂ ಒಪ್ಪಲಿಲ್ಲ, ಪಂಜಾಬು–ಬಂಗಾಳದ ಮೀಸಲನ್ನೂ ಒಪ್ಪಲಿಲ್ಲ. ಡಿಸೆಂಬರಿನ ಕಲ್ಕತ್ತಾ ಸರ್ವಪಕ್ಷ ಸಮ್ಮೇಳನದಲ್ಲಿ ಅವರು ತಂದ ತಿದ್ದುಪಡಿಗಳು ಬಿದ್ದುಹೋದವು. ನೀವು ಎಷ್ಟು ಮುಸ್ಲಿಮರ ಪ್ರತಿನಿಧಿ ಎಂಬ ಪ್ರಶ್ನೆಯೂ ಬಂತು. ಕೆಣಕುವ ಪ್ರಶ್ನೆಯಾದರೂ ಸುಳ್ಳು ಪ್ರಶ್ನೆಯಲ್ಲ. ಬೆನ್ನಿಗೆ ಒಂದು ಪ್ರಾಂತವೂ ಇಲ್ಲದ ನಾಯಕನ ಮಾತಿಗೆ ಎಷ್ಟು ತೂಕ?

ಮುಂದಿನದನ್ನು ನಮ್ಮ ಚರ್ಚೆಗಳಲ್ಲಿ ಹಾರಿಸಿಬಿಡುತ್ತೇವೆ. 1929ರಲ್ಲಿ ಅವರು ಮಂಡಿಸಿದ 14 ಅಂಶಗಳಲ್ಲಿ ಹಲವು, ಯಾವ ಸಮುದಾಯಕ್ಕೆ ಎಷ್ಟು ಸ್ಥಾನವೆಂದು ಬ್ರಿಟಿಷ್ ಸರ್ಕಾರ ಹಂಚಿದ 1932ರ ಕೋಮುವಾರು ತೀರ್ಪು ಮತ್ತು 1935ರ ಭಾರತ ಸರ್ಕಾರ ಕಾಯಿದೆಯ ಮೂಲಕ ಸಿಕ್ಕಿಬಿಟ್ಟವು. ಸಿಂಧ್ 1936ರಲ್ಲಿ ಬೇರೆಯೂ ಆಯಿತು. ಲಾಭ ಯಾರಿಗೆ? ಪಂಜಾಬಿನಲ್ಲಿ ಸಿಕಂದರ್ ಹಯಾತ್ ಖಾನರ ಯೂನಿಯನಿಸ್ಟ್ ಪಕ್ಷಕ್ಕೆ, ಬಂಗಾಳದಲ್ಲಿ ಕೃಷಕ ಪ್ರಜಾ ಪಕ್ಷದ ಫಜ್ಲುಲ್ ಹಕ್‌ಗೆ. 1937ರ ಚುನಾವಣೆಯಲ್ಲಿ ಸುಮಾರು 480 ಮುಸ್ಲಿಂ ಸ್ಥಾನಗಳಲ್ಲಿ ಲೀಗಿಗೆ ಬಂದದ್ದು ಕಾಲು ಭಾಗಕ್ಕೂ ಕಡಿಮೆ. ಪಂಜಾಬಿನಲ್ಲಿ ಬರೀ 2. ಬೇಡಿಕೆ ಈಡೇರಿತು, ಬೇಡಿದವರ ಕೈ ಬರಿದು.

ಸಂಯುಕ್ತ ಪ್ರಾಂತದಲ್ಲಿ ಕಾಂಗ್ರೆಸ್ಸಿಗೆ ಸ್ವಂತ ಬಲದ ಬಹುಮತ. ಸಂಪುಟದಲ್ಲಿ ಪಾಲು ಕೇಳಿ ಬಂದ ಲೀಗಿನ ಚೌಧರಿ ಖಲೀಕುಜ್ಜಮಾನರಿಗೆ, ವಿಧಾನಸಭೆಯಲ್ಲಿ ನಿಮ್ಮ ಪ್ರತ್ಯೇಕ ಗುಂಪು ಇರಕೂಡದು ಎಂಬ ಷರತ್ತು ಹಾಕಲಾಯಿತು. ಮಾತುಕತೆ ಮುರಿಯಿತು. ಕಾಂಗ್ರೆಸ್ಸಿನ ಲೆಕ್ಕ ಸಂಸದೀಯ ನಿಯಮಕ್ಕೆ ಸರಿ. ಆದರೆ ಮತಕ್ಷೇತ್ರವೇ ಬೇರೆ ಇರುವಲ್ಲಿ ವಿರೋಧ ಪಕ್ಷ ಮುಂದಿನ ಚುನಾವಣೆಯಲ್ಲಿ ಹಿಂದೂ ಮತ ಕೇಳಿ ಗೆಲ್ಲುವ ದಾರಿಯೇ ಇಲ್ಲ. ಖಾಯಂ ಅಲ್ಪಸಂಖ್ಯಾತ ಎಂಬುದು ಬರೀ ಭೀತಿಯಲ್ಲ, ಆ ಯಂತ್ರದ ಉತ್ಪನ್ನ.

1937ರ ಅಕ್ಟೋಬರಿನಲ್ಲಿ ಲೀಗಿನ ಲಖನೌ ಅಧಿವೇಶನಕ್ಕೆ ಸೂಟಿನ ಬ್ಯಾರಿಸ್ಟರು ಶೇರವಾನಿ ತೊಟ್ಟು ಬಂದರು. ಸದಸ್ಯತ್ವದ ಚಂದಾ ಎರಡಾಣೆಗೆ ಇಳಿಯಿತು. ಸಿಕಂದರ್ ತಮ್ಮ ಮುಸ್ಲಿಂ ಶಾಸಕರನ್ನು ಲೀಗಿಗೆ ಸೇರಿಸುವುದಾಗಿ ಒಪ್ಪಿದರು. ಪ್ರಾಂತಗಳ ನಾಯಕರನ್ನು ಒಂದೇ ಸೂರಿನಡಿ ತರಲು ಸ್ಥಾನಹಂಚಿಕೆಯ ಕರಾರು ಸಾಲದು; ಪಂಜಾಬಿನ ಜಮೀನ್ದಾರನಿಗೂ ಬಂಗಾಳದ ರೈತನಿಗೂ ಸಮಾನವಾಗಿದ್ದದ್ದು ಧರ್ಮ ಒಂದೇ.

1940ರ ಮಾರ್ಚಿನ ಲಾಹೋರ್ ನಿರ್ಣಯ ಅಲ್ಲಿಂದ ಬಂತು. ಅದರಲ್ಲಿ ‘ಪಾಕಿಸ್ತಾನ’ ಎಂಬ ಪದವಿಲ್ಲ. ಮುಸ್ಲಿಂ ಬಹುಮತದ ಪ್ರದೇಶಗಳು ‘ಸ್ವತಂತ್ರ ರಾಜ್ಯಗಳು’ ಆಗಬೇಕೆಂದು ಬಹುವಚನವಿದೆ. ಗಡಿ ಎಲ್ಲೆಂದು ಹೇಳಿಲ್ಲ. ಆದರೆ ಲೆಕ್ಕದ ಮಾದರಿಯೇ ಬದಲಾಯಿತು. ಅಲ್ಪಸಂಖ್ಯಾತ ಸಮುದಾಯ ಶೇಕಡಾವಾರು ಕೇಳುತ್ತದೆ, ರಾಷ್ಟ್ರ ಸಮಾನತೆ ಕೇಳುತ್ತದೆ. ಜಿನ್ನಾಗೆ ಬೇಕಿದ್ದದ್ದು ಚೌಕಾಸಿಯ ದಾಳವೇ, ನಿಜವಾಗಿಯೂ ಬೇರೆ ದೇಶವೇ ಎಂದು ಇತಿಹಾಸಕಾರರು ಇನ್ನೂ ವಾದಿಸುತ್ತಾರೆ. 1946ರ ಜೂನಿನಲ್ಲಿ ಅವರು ಬ್ರಿಟಿಷ್ ಸಚಿವರ ನಿಯೋಗವಾದ ಕ್ಯಾಬಿನೆಟ್ ಮಿಷನ್ನಿನ ಸಡಿಲ ಒಕ್ಕೂಟವನ್ನು ಒಪ್ಪಿದ್ದು ದಾಳ ಎನ್ನುವವರಿಗೆ ಬಲ ಕೊಡುತ್ತದೆ. ಜುಲೈ ಕೊನೆಗೆ ಒಪ್ಪಿಗೆ ಹಿಂತೆಗೆದು ಆಗಸ್ಟ್ 16ನ್ನು ನೇರ ಕಾರ್ಯಾಚರಣೆಯ ದಿನವೆಂದು ಸಾರಿದರು. ಕಲ್ಕತ್ತಾದಲ್ಲಿ ಸಾವಿರಾರು ಜನ ಸತ್ತರು. ದಾಳವೇ ಆಗಿದ್ದರೂ ಅಷ್ಟೊತ್ತಿಗೆ ಅದು ಆಡುವವರ ಕೈಯಲ್ಲಿರಲಿಲ್ಲ. ಆ ಹೊಣೆಯಿಂದ ಜಿನ್ನಾರನ್ನು ಬಿಡಿಸಲು ನನಗೆ ಕಾರಣ ಕಾಣದು.

ಧರ್ಮವೇ ಗಡಿ ಎಂಬ ತರ್ಕ ಪಂಜಾಬು–ಬಂಗಾಳಗಳನ್ನೂ ಸೀಳಿತು. ಲೀಗಿಗೆ ಮೊದಲು ಆಸರೆಯಾದ ಸಂಯುಕ್ತ ಪ್ರಾಂತ ಭಾರತದಲ್ಲೇ ಉಳಿಯಿತು. 1937ರಲ್ಲಿ ಷರತ್ತು ಕೇಳಿಸಿಕೊಂಡ ಅದೇ ಖಲೀಕುಜ್ಜಮಾನ್ 1940ರಲ್ಲಿ ಲಾಹೋರ್ ನಿರ್ಣಯವನ್ನು ಅನುಮೋದಿಸಿದರು, 1947ರ ಜುಲೈನಲ್ಲಿ ದೆಹಲಿಯ ಸಂವಿಧಾನ ಸಭೆಯಲ್ಲಿ ತ್ರಿವರ್ಣ ಧ್ವಜದ ಪರ ಮಾತಾಡಿದರು, ಕೆಲವೇ ತಿಂಗಳಲ್ಲಿ ಪಾಕಿಸ್ತಾನಕ್ಕೆ ಹೊರಟುಹೋದರು. ಅವರಿಗೆ ಮತ ಹಾಕಿದವರಲ್ಲಿ ಹೆಚ್ಚಿನವರು ಇಲ್ಲೇ ಉಳಿದರು.