ಬರೆದವರ ಹೆಸರೇ ಇಲ್ಲದ ವೆಬ್ ಪುಟ: ಸಾಲು ಎತ್ತಿಕೊಂಡರೆ ಯಾರ ಹೆಸರು ಹಾಕೋದು?

[ಪರದೆ: ಚಿತ್ರದುರ್ಗದ ಕೋಟೆ, ಅಕ್ಕ-ತಂಗಿ ಹೊಂಡ]

ನಮಸ್ಕಾರ. ದಾವಣಗೆರೆಯಲ್ಲಿ ಎಂ.ಎ. ಓದುವ ನಮ್ಮ ಚಿಕ್ಕಪ್ಪನ ಮಗಳು ಮೊನ್ನೆ ಫೋನ್ ಮಾಡಿದ್ದಳು. "ಅಣ್ಣಾ, ನನ್ನ ಪ್ರಬಂಧಕ್ಕೆ ಕೋಟೆ ಹೊಂಡಗಳ ಬಗ್ಗೆ ವೆಬ್ ಪುಟದಲ್ಲಿ ಒಳ್ಳೆ ಸಾಲು ಸಿಕ್ಕಿದೆ. ಬರೆದವರ ಹೆಸರೇ ಇಲ್ಲ. ಗೂಗಲ್ ಅಂತ ಹಾಕಿಬಿಡ್ಲಾ?"

ಬೇಡಮ್ಮ. ಗೂಗಲ್ ದಾರಿ ತೋರಿಸಿದೆ ಅಷ್ಟೇ, ಬರೆದಿಲ್ಲ.

ಮೊದಲು ಪುಟದ ಬುಡದ ತನಕ ಹೋಗಿ ನೋಡಿ. ಜಿಲ್ಲಾಡಳಿತದ ಜಾಲತಾಣವಾ? ಹಾಗಾದರೆ ಜಿಲ್ಲಾಡಳಿತವೇ ಲೇಖಕ. ಇಲಾಖೆಯ ವರದಿಯಾದರೆ ಇಲಾಖೆಯೇ. ಮುಕ್ಕಾಲು ಪಾಲು ತಲೆನೋವು ಇಲ್ಲೇ ಮುಗಿಯುತ್ತದೆ.

ತಮಾಷೆ ನೋಡಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆಯಲ್ಲ, ಅದರ ಕೊನೆಯಲ್ಲಿ ಬರೆದ ಲಿಪಿಕಾರ ಚಪಡನ ಹೆಸರಿದೆ. ಎರಡು ಸಾವಿರ ವರ್ಷ ದಾಟಿದ ಬಂಡೆ ಹೆಸರು ಹೇಳುತ್ತದೆ, ಹೋದ ವರ್ಷದ ಪುಟ ಹೇಳಲ್ಲ!

ಸಂಸ್ಥೆಯೂ ಗೊತ್ತಾಗದಿದ್ದರೆ? ಎಪಿಎ (APA) ಅಂತ ಪ್ರಬಂಧಗಳಲ್ಲಿ ಮೂಲ ಸೂಚಿಸುವ ಒಂದು ಶೈಲಿ ಇದೆ. ಅದರಲ್ಲಿ ಲೇಖಕರ ಜಾಗಕ್ಕೆ ಬರಹದ ಶೀರ್ಷಿಕೆ ಬರುತ್ತದೆ. 'ಕೋಟೆಯ ಹೊಂಡಗಳು' ಅಂತ ಒಂದು ಪುಟ ಇದೆ ಅಂದುಕೊಳ್ಳಿ.

[ಪರದೆ: (ಕೋಟೆಯ ಹೊಂಡಗಳು, 2021, ಪ್ಯಾರಾ 6). ಶೀರ್ಷಿಕೆ ಮಾತ್ರ ಓರೆ ಅಕ್ಷರದಲ್ಲಿ]

ಪತ್ರಿಕೆಯೊಳಗಿನ ಲೇಖನವಾದರೆ ಓರೆ ಅಕ್ಷರ ಬೇಡ, ಶೀರ್ಷಿಕೆಗೆ ಉದ್ಧರಣ ಚಿಹ್ನೆ ಹಾಕಿ. ವರ್ಷ ಇಲ್ಲವಾ? 'ದಿನಾಂಕವಿಲ್ಲ' ಅಂತ ಬರೆಯಿರಿ. 'ಅನಾಮಿಕ' ಅಂತ ಮಾತ್ರ ನೀವಾಗಿ ಸೇರಿಸಬೇಡಿ. ಬರೆದವರೇ ಹಾಗೆ ಸಹಿ ಹಾಕಿದ್ದರೆ ಸರಿ.

ಪುಟ ಸಂಖ್ಯೆ ಇಲ್ಲದ್ದಕ್ಕೇ ಈ ಪ್ಯಾರಾ ಲೆಕ್ಕ. ಹೌದು, ಕೂತು ಎಣಿಸಬೇಕು. ಬೇಜಾರಿನ ಕೆಲಸ, ಆದರೆ ನಿಮ್ಮ ಪ್ರಬಂಧಕ್ಕೆ ಮಾರ್ಗದರ್ಶನ ಮಾಡುವ ಗೈಡ್ ಆ ಸಾಲನ್ನು ಹುಡುಕಿ ನೋಡಬೇಕಲ್ವಾ? ತೀರಾ ಉದ್ದದ ಬರಹವಾದರೆ ಉಪಶೀರ್ಷಿಕೆ ಹೇಳಿ, ಅದರ ಕೆಳಗಿನ ಪ್ಯಾರಾ ಎಣಿಸಿ. ಎಂಎಲ್ಎ (MLA) ಅಂತ ಮೂಲ ಸೂಚಿಸುವ ಇನ್ನೊಂದು ಶೈಲಿ ಇದೆ, ಅದನ್ನು ಬಳಸುವವರು ಎಣಿಸಲು ಹೋಗಬೇಡಿ. ಮೂಲದಲ್ಲೇ ಪ್ಯಾರಾಗೆ ಸಂಖ್ಯೆ ಇದ್ದರಷ್ಟೇ ಅಲ್ಲಿ ಕೊಡುವುದು. ಯಾವ ಶೈಲಿ ಅಂತ ಗೈಡನ್ನು ಮೊದಲೇ ಕೇಳಿಬಿಡಿ.

ಎತ್ತಿಕೊಂಡು ಉದ್ಧರಣ ಚಿಹ್ನೆಯೊಳಗೆ ಹಾಕುವ ಸಾಲು ಮೂಲದಲ್ಲಿ ಇದ್ದ ಹಾಗೇ ಇರಲಿ. ಸುಮ್ನೆ ಚಂದ ಮಾಡಬೇಡಿ. 40 ಪದ ಅಥವಾ ಜಾಸ್ತಿ ಆದರೆ ಎಪಿಎಯಲ್ಲಿ ಚಿಹ್ನೆ ತೆಗೆದು, ಇಡೀ ಭಾಗವನ್ನು ಒಳಕ್ಕೆ ಸರಿಸಿ ಬೇರೆಯೇ ಪ್ಯಾರಾ ಮಾಡಿ. ಆ ಪುಟ ನಾಳೆ ಮಾಯವಾದರೂ ಆಗಬಹುದು, ವೆಬ್ ಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್ ಜಾಲತಾಣದಲ್ಲಿ ಇವತ್ತೇ ಉಳಿಸಿಡಿ.

ನಮ್ಮ ತಂಗಿಯ ಸಾಲು 6ನೇ ಪ್ಯಾರಾದಲ್ಲಿತ್ತು. ಮೊದಲ ಸಲ 8 ಅಂದಿದ್ದಳು. ಫೋಟೊಗಳ ಅಡಿಬರಹವನ್ನೂ ಲೆಕ್ಕಕ್ಕೆ ಹಿಡಿದಿದ್ದಳು.