ಊಟಕ್ಕೂ ಶ್ವಾಸಕೋಶದ ಕ್ಯಾನ್ಸರ್‌ಗೂ ಏನು ನಂಟು?

ಎಲ್ಲರಿಗೂ ನಮಸ್ಕಾರ.

ಈ ವಿಷಯ ಎತ್ತಿದ ಕೂಡಲೇ ಯಾರಾದರೂ ಕೇಳುವ ಪ್ರಶ್ನೆ ಒಂದಿದೆ: ತಿಂದದ್ದು ಹೋಗುವುದು ಹೊಟ್ಟೆಗೆ, ಶ್ವಾಸಕೋಶಕ್ಕೆ ಅಲ್ಲ, ಅಲ್ವಾ? ನ್ಯಾಯವಾದ ಪ್ರಶ್ನೆಯೇ. ಆದರೆ ತಿಂದದ್ದು ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ. ಆ ರಕ್ತ ಶ್ವಾಸಕೋಶವನ್ನು ಹಾಯ್ದೇ ಮೈಯೆಲ್ಲ ಸುತ್ತುತ್ತದೆ. ಹಾಗಾಗಿ ನಂಟು ಇರಲು ಸಾಧ್ಯ. ಅದು ಎಷ್ಟು ಗಟ್ಟಿ ಎನ್ನುವುದೇ ತಕರಾರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಾಯಿಲೆಗೆ ಮುಖ್ಯ ಕಾರಣ ತಂಬಾಕಿನ ಹೊಗೆ. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಸಂಶೋಧಕರು ಬ್ರಿಟನ್ನಿನಲ್ಲಿ 1950ರಲ್ಲೇ ಇದನ್ನು ಅಂಕಿಅಂಶ ಸಮೇತ ತೋರಿಸಿದರು. ನೆಲದಿಂದ ಹೊರಬರುವ ರೇಡಾನ್ ಎಂಬ ವಿಕಿರಣಶೀಲ ಅನಿಲ, ಕಲ್ನಾರು (ಆಸ್ಬೆಸ್ಟಾಸ್), ಕೆಟ್ಟ ಗಾಳಿ ಇವೂ ಇವೆ. ಊಟ ಬರುವುದು ಇವೆಲ್ಲದರ ಹಿಂದೆ. ಸೇದುವುದನ್ನು ಬಿಡದೆ ಸೊಪ್ಪು ತಿಂದು ಪಾರಾಗೋಣ ಅಂತ ಯಾರಾದರೂ ಬಂದಿದ್ದರೆ, ಅವರಿಗೆ ನನ್ನಿಂದ ನಿರಾಸೆಯೇ.

ಈಗ ಕಥೆಗೆ ಬರೋಣ. 1970ರ ದಶಕದಿಂದ ಒಂದರ ಹಿಂದೆ ಒಂದು ಅಧ್ಯಯನದಲ್ಲಿ ಒಂದೇ ಸಂಗತಿ ಕಾಣತೊಡಗಿತು. ಹಣ್ಣು, ತರಕಾರಿ ಜಾಸ್ತಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ. ಕ್ಯಾರೆಟ್ಟಿಗೆ ಕೇಸರಿ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಮೇಲೆ ಎಲ್ಲರ ಕಣ್ಣು ಬಿತ್ತು. 1981ರಲ್ಲಿ ರಿಚರ್ಡ್ ಪೀಟೊ, ಡಾಲ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಇದರಿಂದ ಕ್ಯಾನ್ಸರ್ ತಗ್ಗಬಹುದೇ ಎನ್ನುವುದನ್ನು ಸರಿಯಾಗಿ ಪರೀಕ್ಷಿಸಿ ನೋಡಬೇಕು ಎಂದರು.

ಹಾಗೆ ಪರೀಕ್ಷಿಸಿದವರು ಫಿನ್ಲೆಂಡಿನವರು. 50ರಿಂದ 69 ವರ್ಷದ 29,133 ಗಂಡಸರು, ಎಲ್ಲರೂ ಸಿಗರೇಟು ಸೇದುವವರು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಔಷಧವೇ ಇಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಎನ್ನುವುದು ಕೊಡುವವರಿಗೂ ಗೊತ್ತಿಲ್ಲ, ನುಂಗುವವರಿಗೂ ಗೊತ್ತಿಲ್ಲ. 1994ರಲ್ಲಿ ಫಲಿತಾಂಶ ಹೊರಬಿತ್ತು. ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವುದಿರಲಿ, ಶೇ. 18ರಷ್ಟು ಹೆಚ್ಚಾಗಿತ್ತು!

ಏನೋ ಆಕಸ್ಮಿಕ ಇರಬೇಕು ಅಂದವರೂ ಇದ್ದರು. ಅಷ್ಟರಲ್ಲಿ ಅಮೆರಿಕದ 'ಕ್ಯಾರೆಟ್' ಎಂಬ ಪ್ರಯೋಗ ಬಂತು. ಹೆಸರು ಹೇಗೆ ಹೊಂದಿಸಿದ್ದಾರೆ ನೋಡಿ! ಅಲ್ಲಿ 18,314 ಜನ ಇದ್ದರು. ಸೇದುವವರು, ಹಿಂದೆ ಸೇದಿದವರು, ಕಲ್ನಾರಿನ ಜೊತೆ ಕೆಲಸ ಮಾಡಿದವರು. ಬೀಟಾ ಕ್ಯಾರೊಟಿನ್ ಜೊತೆಗೆ ವಿಟಮಿನ್ ಎ ಕೂಡ ಕೊಟ್ಟರು. ಕ್ಯಾನ್ಸರ್ ಶೇ. 28ರಷ್ಟು ಜಾಸ್ತಿ ಬಂತು. 1996ರ ಜನವರಿಯಲ್ಲಿ, ಮುಗಿಯಲು ಇನ್ನೂ 21 ತಿಂಗಳು ಇರುವಾಗಲೇ, ಮಾತ್ರೆ ಕೊಡುವುದನ್ನು ನಿಲ್ಲಿಸಿದರು. ಅದೇ ಹೊತ್ತಿಗೆ, ಹೆಚ್ಚಾಗಿ ಸೇದದವರೇ ಇದ್ದ ಅಮೆರಿಕದ ಗಂಡು ವೈದ್ಯರ ಮೇಲೆ ನಡೆದ 12 ವರ್ಷಗಳ ಇನ್ನೊಂದು ಪ್ರಯೋಗದ ಫಲಿತಾಂಶವೂ ಬಂತು. ಅಲ್ಲಿ ಬೀಟಾ ಕ್ಯಾರೊಟಿನ್‌ನಿಂದ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ.

ನನಗೆ ಎಲ್ಲಕ್ಕಿಂತ ಕುತೂಹಲದ್ದು ಫಿನ್ಲೆಂಡಿನ ಇನ್ನೊಂದು ವಿವರ. ಪ್ರಯೋಗ ಶುರುವಾಗುವಾಗಲೇ ಊಟದ ಮೂಲಕ ಬೀಟಾ ಕ್ಯಾರೊಟಿನ್ ಚೆನ್ನಾಗಿ ಪಡೆಯುತ್ತಿದ್ದವರಲ್ಲಿ ಕ್ಯಾನ್ಸರ್ ಕಡಿಮೆಯೇ ಇತ್ತು. ಅದೇ ವಸ್ತುವನ್ನು ಮಾತ್ರೆಯಾಗಿ ಕೊಟ್ಟಾಗ ಜಾಸ್ತಿಯಾಯಿತು. ಎರಡೂ ಒಂದೇ ಅಧ್ಯಯನದಲ್ಲಿ!

ಇದು ಹೇಗೆ ಸಾಧ್ಯ? ಮಾತ್ರೆಯಲ್ಲಿ ಇದ್ದದ್ದು ಊಟದಲ್ಲಿ ಸಿಗುವುದಕ್ಕಿಂತ ಎಷ್ಟೋ ಪಟ್ಟು. ಫೆರೆಟ್ ಎಂಬ ಪ್ರಾಣಿಗಳಿಗೆ ಅಷ್ಟೇ ದೊಡ್ಡ ಪ್ರಮಾಣ ಕೊಟ್ಟು ಹೊಗೆಯನ್ನೂ ಉಸಿರಾಡಿಸಿ ನೋಡಿದರು. ಹೊಗೆಯ ನಡುವೆ ಬೀಟಾ ಕ್ಯಾರೊಟಿನ್ ಒಡೆದು ಬೇರೆ ವಸ್ತುಗಳಾಗುತ್ತದೆ. ಜೀವಕೋಶಗಳ ಬೆಳವಣಿಗೆಯನ್ನು ಹತೋಟಿಯಲ್ಲಿಡುವ ರೆಟಿನೋಯಿಕ್ ಆಮ್ಲ ಶ್ವಾಸಕೋಶದಲ್ಲಿ ಕಡಿಮೆಯಾಗುತ್ತದೆ. ಜೀವಕೋಶಗಳ ರೂಪವೇ ಬದಲಾಗತೊಡಗುತ್ತದೆ, ಕ್ಯಾನ್ಸರಿನತ್ತ ಅದು ಒಂದು ಹೆಜ್ಜೆ.

ಹಾಗಾದರೆ ತರಕಾರಿಯೇ ಕಾಪಾಡುತ್ತದೆ ಅನ್ನೋಣವೇ? ಅಲ್ಲೂ ಒಂದು ತೊಡಕಿದೆ. ಸೇದುವವರು ಸಾಮಾನ್ಯವಾಗಿ ಹಣ್ಣು, ತರಕಾರಿ ಕಡಿಮೆ ತಿನ್ನುತ್ತಾರೆ. ಹೊಗೆ ಅವರ ರಕ್ತದಲ್ಲಿನ ವಿಟಮಿನ್ ಸಿಯನ್ನೂ ಖಾಲಿ ಮಾಡುತ್ತದೆ. ಅಧ್ಯಯನ ಮಾಡುವವರು "ಸೇದುತ್ತೀರಾ, ದಿನಕ್ಕೆ ಎಷ್ಟು?" ಅಂತ ಕೇಳಿ ಲೆಕ್ಕ ಸರಿದೂಗಿಸುತ್ತಾರೆ ನಿಜ. ಆದರೆ ಎಷ್ಟು ಆಳಕ್ಕೆ ಎಳೆಯುತ್ತಾರೆ, ಎಷ್ಟು ವರ್ಷ ಬಿಟ್ಟು ಮತ್ತೆ ಹಿಡಿದರು, ಮನೆಯಲ್ಲಿ ಇನ್ಯಾರು ಸೇದುತ್ತಾರೆ? ಇದೆಲ್ಲ ಎರಡು ಪ್ರಶ್ನೆಗೆ ಸಿಗುವುದಿಲ್ಲ. ತರಕಾರಿಗೆ ಸಂದ ಹೊಗಳಿಕೆಯಲ್ಲಿ ಒಂದಷ್ಟು ಪಾಲು ಸುಮ್ನೆ ಸೇದದೇ ಇದ್ದುದಕ್ಕೆ ಸೇರಬೇಕಾದದ್ದು ಇರಬಹುದು. ಅದಕ್ಕೇ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಈ ಪುರಾವೆಯನ್ನು 'ಸೀಮಿತ' ಎಂದೇ ಕರೆಯುತ್ತದೆ. ಹೃದಯಕ್ಕೆ ಹೇಗೂ ಒಳ್ಳೆಯದು, ಹಣ್ಣು, ತರಕಾರಿ ತಿನ್ನಿ. ಶ್ವಾಸಕೋಶಕ್ಕೆ ಅದು ರಕ್ಷಾಕವಚ ಅಂತ ಮಾತ್ರ ನಾನು ಹೇಳಲಾರೆ.

ಪುರಾವೆ ಗಟ್ಟಿಯಾಗಿರುವುದು ಎಲ್ಲಿ ಗೊತ್ತೇ? ಕುಡಿಯುವ ನೀರಿನಲ್ಲಿ. ಚಿಲಿ ದೇಶದ ಆಂಟೊಫಗಾಸ್ಟಾ ನಗರಕ್ಕೆ 1958ರಲ್ಲಿ ಹೊಸ ನದಿಮೂಲದ ನೀರು ಬಂತು. ಅದರಲ್ಲಿ ಆರ್ಸೆನಿಕ್ ಎಂಬ ವಿಷವಸ್ತು ಲೀಟರಿಗೆ ಸುಮಾರು 860 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಮಾರ್ಗಸೂಚಿ ಮಿತಿ 10. ಶುದ್ಧೀಕರಣ ಘಟಕ ಬಂದದ್ದು 1970ರಲ್ಲಿ. ನೀರು ಸರಿಹೋಗಿ 20 ವರ್ಷ ಕಳೆದ ಮೇಲೂ ಅಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ಹೆಚ್ಚಾಗಿಯೇ ಇತ್ತು. ಕುಡಿದದ್ದು ಹೊಟ್ಟೆಗೆ, ಕಾಯಿಲೆ ಶ್ವಾಸಕೋಶಕ್ಕೆ.

ಕೊನೆಗೆ, ಸೇದುವವರು ಮತ್ತು ಬಿಟ್ಟವರಿಗೆ ಒಂದು ಮಾತು. ಮಲ್ಟಿವಿಟಮಿನ್ ಡಬ್ಬಿ ಕೊಳ್ಳುವಾಗ ಹಿಂದಿನ ಚೀಟಿ ಓದಿ. ಬೀಟಾ ಕ್ಯಾರೊಟಿನ್ ದೊಡ್ಡ ಪ್ರಮಾಣದಲ್ಲಿ ಇದ್ದರೆ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ. ಕ್ಯಾರೆಟ್ ತಿನ್ನಲು ಯಾರ ಅಪ್ಪಣೆಯೂ ಬೇಡ. ಬಾವಿ ಅಥವಾ ಕೊಳವೆಬಾವಿ ನೀರು ಕುಡಿಯುವವರು ಆರ್ಸೆನಿಕ್ ಇದೆಯೇ ಅಂತ ಒಮ್ಮೆ ಪರೀಕ್ಷೆ ಮಾಡಿಸಿ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಜಾಸ್ತಿಯೇ ಆಗುತ್ತದೆ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.